ಸೊಪ್ಪು ಮುಟ್ಟದ ಕೈ

ಹೋದ ವಾರ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ನಾಲ್ಕು ವರ್ಷದವಳು. ಅವರೆಕಾಳಿನ ಸಾರಿನಲ್ಲಿ ತನ್ನ ಮುಷ್ಟಿಗಿಂತ ದೊಡ್ಡ ಮುದ್ದೆ ಮುಗಿಸಿ, ತಟ್ಟೆ ಎತ್ತಿ ಉಳಿದ ಸಾರು ಕುಡಿದು, ಮೂಗಿಗೆಲ್ಲ ಬಳಿದುಕೊಂಡು, "ದೊಡ್ಡವ್ವ, ಇನ್ನೊಂದ್ವಸಿ ಇಕ್ಕು" ಅಂದಳು. ಪಕ್ಕದಲ್ಲಿ ಉಣ್ಣುತ್ತಿದ್ದ ನನ್ನ ಗಂಡ, "ಇಕ್ಕು ಇಕ್ಕು, ನನ್ ಪಾಲ್ದೂ ಇಕ್ಬುಡು" ಅಂದರು. ತಮಾಷೆಗೆ ಅಂದದ್ದು. ಅವಳು ನಿಜವಾಗಿಯೇ ಅವರ ತಟ್ಟೆಗೆ ಕೈ ಹಾಕಿದಳು.

ಆ ಹುಡುಗಿಗೆ ಒಂದು ಅಭ್ಯಾಸವಿದೆ. ನಾನು ತುತ್ತು ಕೊಡಲು ಹೋದರೆ ಮೊದಲು ನನ್ನ ಕೈ ಹಿಡಿದು ಮೂಸಿ ನೋಡುತ್ತಾಳೆ. ಆಮೇಲೆ ಬಾಯಿ ತೆರೆಯುತ್ತಾಳೆ. ಬೇರೆ ಯಾರ ಕೈಯನ್ನೂ ಮೂಸುವುದಿಲ್ಲ. ನೋಡಿದವರು ನಗುತ್ತಾರೆ, ನಾನೂ ನಗುತ್ತೇನೆ. ಅದು ಎಲ್ಲಿಂದ ಬಂತು ಅನ್ನುವುದು ಕೆಲವರಿಗಷ್ಟೇ ಗೊತ್ತು. ಆ ಮಗು ಗೆದ್ದಿತು, ನಾವೂ ಗೆದ್ದೆವು. ಆದರೆ ಆ ಗೆಲುವಿಗೆ ಮುಂಚೆ ನಾನು ಮಾಡಿದ ಕೆಲಸವನ್ನು ಬಿಟ್ಟು ಬರೆದರೆ ಬರೆದದ್ದು ಸುಳ್ಳಾಗುತ್ತದೆ.

ನಾನು ಆರನೇ ಕ್ಲಾಸಿನವರೆಗೆ ಓದಿದವಳು. ನಮ್ಮವ್ವ ತೀರಿಕೊಂಡಾಗ ತಂಗಿ ಇನ್ನೂ ಹಾಲುಗೂಸು. ಅವಳನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ಅವಳಿಗೆ ಅನ್ನ ಹಿಸುಕಿ ಉಣ್ಣಿಸಿದ್ದು, ತಲೆ ಬಾಚಿದ್ದು, ಕೊನೆಗೆ ಕೆ.ಆರ್. ನಗರದ ಕಡೆ ನೀರಾವರಿ ಊರಿಗೆ ಮದುವೆ ಮಾಡಿ ಕಳಿಸಿದ್ದು, ಎಲ್ಲದರಲ್ಲೂ ನನ್ನ ಕೈ ಇತ್ತು. ಅವಳ ಗಂಡ ಭತ್ತ ಕೊಯ್ಯುವ ಮಿಷಿನ್ನಿನ ಜೊತೆ ಊರೂರು ಸುತ್ತುವವನು. ತವರು ಅಂತ ಅವಳಿಗೆ ಇದ್ದದ್ದು ನಮ್ಮ ಮನೆ ಒಂದೇ. ಹೆರಿಗೆಗೆ ಇಲ್ಲಿಗೇ ಬಂದಳು. ಬಾಣಂತನ ನಾನೇ ಮಾಡಿದೆ.

ಹೆರಿಗೆಗೆ ಮುಂಚೆ ಅವಳು ಹುಣಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿ ಹೊಲಿಯುತ್ತಿದ್ದಳು. ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ರಜೆ ಮುಗಿಯಿತು. ಕಂಪನಿಯ ವ್ಯಾನು ನಮ್ಮೂರ ಹತ್ತಿರದ ಹ್ಯಾಂಡ್‌ಪೋಸ್ಟಿನವರೆಗೆ ಬರುತ್ತಿತ್ತು. ನಮ್ಮೂರಿಂದಲೇ ಹೋಗಿ ಬರಬಹುದು. ಮಗುವನ್ನು ಏನು ಮಾಡುವುದು ಅಂತ ಅವಳು ಯೋಚಿಸುತ್ತಾ ಕೂತಾಗ ನಾನು ಹೇಳಿದೆ.

"ನಿನ್ನ ಸಾಕಿದ್ ಕೈ ಕಣೆ ಇದು. ನಿನ್ ಮಗ್ಳು ಭಾರವಾ? ಬುಟ್ಟೋಗು."

ಅವಳು ಬಿಟ್ಟು ಹೋದಳು. ದಿನಾ ಬೆಳಿಗ್ಗೆ ಎದ್ದು ತಾನೇ ರಾಗಿಸರಿ ಕಾಯಿಸುತ್ತಿದ್ದಳು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಅದು. ಭಾನುವಾರದ ರಜೆಯೆಲ್ಲ ಅದಕ್ಕೇ ಹೋಗುತ್ತಿತ್ತು. ಬೆಲ್ಲ ಹಾಕಿ, ಒಂದು ಚಮಚ ತುಪ್ಪ ಬಿಟ್ಟು, ಸ್ಟೀಲಿನ ಬಟ್ಟಲಿಗೆ ಬಗ್ಗಿಸಿ ತಟ್ಟೆ ಮುಚ್ಚಿಟ್ಟು ಹೋಗುವಳು. ಹೋಗುವಾಗ ಮಗುವಿನ ಅಂಗಾಲಿಗೆ ಮುತ್ತು ಕೊಡುವಳು.

ಅವಳು ಕೆಲಸಕ್ಕೆ ಸೇರಿದ ವಾರವೇ ನಮ್ಮ ಹೊಗೆಸೊಪ್ಪು ಮುರಿಯಲು ಬಂತು.

ನಮ್ಮ ಕಡೆ ಹೊಗೆಸೊಪ್ಪಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಿಗ್ಗೆ ಗಂಡಸರು ಹೊಲದಲ್ಲಿ ಮುರಿದ ಎಲೆ ಸಂಜೆಯೊಳಗೆ ಕಡ್ಡಿಗೆ ಏರಿ ಬ್ಯಾರನ್ ಸೇರಬೇಕು. ಬ್ಯಾರನ್ ಅಂದರೆ ಬೆಂಕಿಯ ಶಾಖದಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಮನೆ. ಹೆಂಗಸರು ಸಾಲಾಗಿ ಕೂತು ದಾರದಲ್ಲಿ ಎಲೆ ಸೇರಿಸಿ ಕಡ್ಡಿಗೆ ಕಟ್ಟುತ್ತೇವೆ. ಕೂಲಿಗೆ ಕರೆದರೆ ಜನ ಸಿಗುವುದಿಲ್ಲ. ಹಾಗಾಗಿ ಮುಯ್ಯಿ. ಇವತ್ತು ನೀವು ನಮ್ಮ ಮನೆಗೆ ಬಂದರೆ ನಾಳೆ ನಾನು ನಿಮ್ಮ ಮನೆಗೆ. ನಮ್ಮದು ಐದು ಹೆಂಗಸರ ಸಾಲು.

ಹಸಿ ಹೊಗೆಸೊಪ್ಪಿನಲ್ಲಿ ಒಂದು ಅಂಟಿದೆ. ಅರ್ಧ ಗಂಟೆ ಕಟ್ಟಿದರೆ ಬೆರಳುಗಳು ಕಪ್ಪಗಾಗಿ ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಸುಮ್ಮನೆ ಸೋಪು ಹಚ್ಚಿದರೆ ಹೋಗುವುದಿಲ್ಲ. ಹುಣಸೆಹಣ್ಣು ತಿಕ್ಕಿ, ತೆಂಗಿನ ನಾರಿನಲ್ಲಿ ಉಜ್ಜಿ, ಆಮೇಲೆ ಸೋಪು, ಮತ್ತೆ ಹುಣಸೆಹಣ್ಣು. ಇಷ್ಟಾದರೂ ಉಗುರಿನ ಸಂದಿಯಲ್ಲಿ ಕಹಿ ಉಳಿದಿರುತ್ತದೆ.

ಮೊದಲನೇ ದಿನ ನಾನು ಸಾಲಿನಿಂದ ಎದ್ದು, ಬರೀ ನೀರಿನಲ್ಲಿ ಕೈ ತೊಳೆದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿಸರಿ ಬಾಯಿಗಿಟ್ಟೆ. ಮಗು ನಾಲಿಗೆಯಿಂದ ಹೊರಗೆ ತಳ್ಳಿತು. ಮತ್ತೆ ಇಟ್ಟೆ. ಮುಖ ಕಿವುಚಿ ಅಳಲು ಶುರು ಮಾಡಿತು. ಚಮಚ ತಂದೆ. ಚಮಚ ಹಿಡಿದ ಬೆರಳು ಮೂಗಿನ ಹತ್ತಿರ ಬರುತ್ತಲೇ ಕತ್ತು ಆಚೆಗೆ ತಿರುಗಿಸಿತು. ಬಾಯಿ ಒರೆಸಿದ್ದೂ ಅದೇ ಬೆರಳಿನಿಂದ. ಒಳಗೆ ಹೋದ ಎರಡು ತುತ್ತನ್ನೂ ಕಕ್ಕಿತು.

ಅಷ್ಟರಲ್ಲಿ ಸಾಲಿನ ಹಿರಿಯಳಾದ ಅಜ್ಜಿ ಅಂಗಳದಿಂದ ಕೂಗಿದಳು. "ಏನಮ್ಮಿ, ಗಳಿಗೆಗೊಂದ್ಸಲ ಏಳ್ತೀಯ? ನಾವು ಮುಯ್ಯಾಳು ಬಂದಿರೋರು ಕಣವ್ವ, ನೆಂಟ್ರಲ್ಲ."

ಎಲ್ಲರೂ ನಕ್ಕರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣವಿತ್ತು. ಬಿಸಿನೀರಿನಲ್ಲಿ ನಾಲ್ಕು ಬಿಸ್ಕತ್ತು ಕದಡಿ, ಒಂದಿಷ್ಟು ಸಕ್ಕರೆ ಹಾಕಿ, ಬಾಟಲಿಗೆ ತುಂಬಿಸಿ, ನಿಪ್ಪಲಿನ ತೂತನ್ನು ಬ್ಲೇಡಿನಲ್ಲಿ ದೊಡ್ಡದು ಮಾಡಿ ಮಗುವಿನ ಬಾಯಿಗಿಟ್ಟೆ. ಬಾಟಲಿಗೆ ನನ್ನ ಕೈಯ ರುಚಿ ಇರಲಿಲ್ಲವಲ್ಲ. ಮಗು ಗಟಗಟ ಕುಡಿದು ಮಲಗಿತು. ಪೊಟ್ಟಣದ ಮೇಲೆ ಗೋಧಿತೆನೆ, ಹಾಲಿನ ಲೋಟದ ಚಿತ್ರ ಇತ್ತು. ಒಳ್ಳೆಯದೇ ಇರಬೇಕು ಅಂದುಕೊಂಡೆ. ರಾಗಿಸರಿಯನ್ನು ನಾಯಿಗೆ ಹಾಕಿ ಬಟ್ಟಲು ತೊಳೆದಿಟ್ಟೆ.

ಸಂಜೆ ತಂಗಿ ಬಂದವಳು ಮೊದಲು ನೋಡಿದ್ದು ಬಟ್ಟಲನ್ನು.

"ಉಂಡ್ಲಾ ಅಕ್ಕಯ್ಯ?"

"ಉಂಡ್ಲು ಕಣೆ. ಬಟ್ಲು ನೆಕ್ದಂಗೆ ಉಂಡ್ಲು."

ಒಂದು ದಿನದ ಮಾತು ಅಂತ ಹೇಳಿದ್ದು. ಅದು ಎರಡೂವರೆ ತಿಂಗಳು ನಡೆಯಿತು. ಹಗಲೆಲ್ಲ ಹೊಟ್ಟೆ ತುಂಬ ಉಂಡಿದೆ ಅಂತ ನಂಬಿ ಅವಳು ಸಂಜೆ ಎದೆಹಾಲು ಕುಡಿಸಿ ಮಲಗಿಸುತ್ತಿದ್ದಳು.

ನನಗೆ ತಿಳಿಯಲಿಲ್ಲ ಅಂತ ಹೇಳಿದರೆ ಯಾರಾದರೂ ನಂಬಬಹುದು, ಓದಿಲ್ಲದವಳು ಅಂತ. ಆದರೆ ತಿಳಿದಿತ್ತು. ಮೂರನೆಯ ದಿನವೇ ನಾನು ನನ್ನ ಬೆರಳನ್ನು ನೆಕ್ಕಿ ನೋಡಿದ್ದೆ. ಬೇವು ಪರವಾಗಿಲ್ಲ ಅನ್ನುವಂಥ ಕಹಿ. ಮಗು ಯಾಕೆ ಉಗಿಯುತ್ತದೆ ಅಂತ ಆ ಕ್ಷಣವೇ ಗೊತ್ತಾಯಿತು. ಕೈ ಸರಿಯಾಗಿ ತೊಳೆಯಲು ಬೇಕಾದದ್ದು ಕಾಲು ಗಂಟೆ. ದಿನಕ್ಕೆ ನಾಲ್ಕು ಸಲ ಅಂದರೆ ಒಂದು ಗಂಟೆ. ಆ ಒಂದು ಗಂಟೆ ಸಾಲಿನಲ್ಲಿ ಮಾತು ಕೇಳಬೇಕಲ್ಲ ಅಂತ ನಾನು ಬಾಟಲಿ ಹಿಡಿದೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ನಮಗಿನ್ನೂ ಬ್ಯಾರನ್ ಇರಲಿಲ್ಲ. ಅವರಿಗೆ ತುಪ್ಪದ ಕೈಯಲ್ಲಿ ಉಣ್ಣಿಸಿದೆ. ತಂಗಿಯ ಮಗಳಿಗೆ ಬಿಸ್ಕತ್ತಿನ ನೀರು.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕುತ್ತಾರೆ. ತೊಲೆಗೆ ಮಿಷಿನ್ ನೇತುಹಾಕಿ, ಕಾಲು ತೂರುವಂಥ ಚೀಲದಲ್ಲಿ ಮಗುವನ್ನು ಕೂರಿಸಿ, ಬಂದ ತೂಕಕ್ಕೆ ತಾಯಿಕಾರ್ಡಿನಲ್ಲಿ ಒಂದು ಚುಕ್ಕಿ ಇಡುತ್ತಾರೆ. ಹಸಿರು ಪಟ್ಟಿಯಲ್ಲಿದ್ದರೆ ಚೆನ್ನಾಗಿದೆ, ಹಳದಿಗೆ ಇಳಿದರೆ ಜೋಕೆ, ಕೆಂಪಾದರೆ ಅಪಾಯ. ನಮ್ಮ ಕೂಸಿನ ಚುಕ್ಕಿ ಹಸಿರಿನಲ್ಲಿತ್ತು. ಮುಂದಿನ ತಿಂಗಳು ಹಸಿರಿನ ತಳಕ್ಕೆ ಬಂತು. ಅದರ ಮುಂದಿನ ತಿಂಗಳು ಹಳದಿ.

ಟೀಚರ್ ಕೇಳಿದರು. "ಏನ್ ಕೊಡ್ತಾ ಇದ್ದೀರ ಮಗೀಗೆ?"

"ರಾಗಿಸರಿ, ಮಿದ್ದಿದ ಅನ್ನ, ಬೇಳೆಕಟ್ಟು, ಬಾಳೆಹಣ್ಣು" ಅಂದೆ. ತಂಗಿ ದಿನಾ ಮಾಡಿಟ್ಟು ಹೋಗುತ್ತಿದ್ದದ್ದನ್ನೇ ಒಪ್ಪಿಸಿದೆ. ಯಾವುದೂ ಸುಳ್ಳಲ್ಲ, ಮಗುವಿನ ಹೊಟ್ಟೆಗೆ ಹೋಗಿರಲಿಲ್ಲ, ಅಷ್ಟೆ.

ಸುದ್ದಿ ಕೇಳಿ ತಂಗಿಯ ಅತ್ತೆ ಒಂದು ಭಾನುವಾರ ಬಂದರು. ಮಗುವಿನ ತೋಳು ಹಿಡಿದು ನೋಡಿದರು. ಚರ್ಮ ಸುಕ್ಕುಸುಕ್ಕಾಗಿ ಬೆರಳಿಗೆ ಬಂತು. ಅವರು ಸೊಸೆಯ ಕಡೆ ತಿರುಗಿದರು.

"ಮಿಷಿನ್ ತುಳ್ಯಕ್ಕೋಗಿ ಹಾಲು ಕೆಡಿಸ್ಕೊಂಡೆ ಕಣವ್ವ ನೀನು. ಇಡೀ ದಿನ ಬೆವತ್ಕೊಂಡ್ ಬಂದು ಕುಡ್ಸುದ್ರೆ ಒಗ್ಗುತ್ತಾ ಮಗೀಗೆ? ಬುಡು ಆ ಕೆಲ್ಸವ."

ತಂಗಿ ತಲೆ ತಗ್ಗಿಸಿ ಕೂತಿದ್ದಳು. ಸೆರಗಿನೊಳಗೆ ತನ್ನ ಎದೆಯನ್ನು ತಾನೇ ಒತ್ತಿ ಹಿಡಿದುಕೊಂಡಿದ್ದಳು, ಅಲ್ಲಿ ಏನೋ ವಿಷ ಇದೆ ಅನ್ನುವ ಹಾಗೆ. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗ ಹೇಳಬೇಕಿತ್ತು. ಕಾಫಿ ಆರುತ್ತದೆ ತಗೊಳ್ಳಿ ಅಂದೆ.

ನಾನು ಮಾಡಿದ್ದರಲ್ಲಿ ಅತಿ ಕೆಟ್ಟದ್ದು ಅದೇ. ಬಾಟಲಿಗಿಂತ ಕೆಟ್ಟದ್ದು.

ದಸರೆಗೆ ಮುಂಚಿನ ತೂಕದಲ್ಲಿ ಚುಕ್ಕಿ ಕೆಂಪಿನ ಅಂಚಿಗೆ ಬಂತು. ಟೀಚರ್ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ತಂಗಿ ರಜೆ ಹಾಕಿದಳು. ಇಬ್ಬರೂ ಹೋದೆವು. ಮಗು ಅವಳ ಹೆಗಲಿನ ಮೇಲೆ ಒಣಗಿದ ಬಳ್ಳಿಯ ಹಾಗೆ ಬಿದ್ದಿತ್ತು. ಅಳುವುದಕ್ಕೂ ಶಕ್ತಿ ಇರಲಿಲ್ಲ.

ಡಾಕ್ಟರಮ್ಮ ಏನೇನು ಉಣ್ಣಿಸುತ್ತೀರಿ ಅಂತ ಕೇಳಿದರು. ತಂಗಿ ಒಂದೊಂದಾಗಿ ಹೇಳಿದಳು. ಮೊಳಕೆ ರಾಗಿ, ತುಪ್ಪ, ಬೇಳೆ. ಡಾಕ್ಟರಮ್ಮ ಹುಬ್ಬು ಗಂಟು ಹಾಕಿದರು.

"ಇಷ್ಟೆಲ್ಲ ತಿಂದೂ ಇಳೀತಿದೆ ಅಂದ್ರೆ ಒಳಗೇನೋ ತೊಂದ್ರೆ ಇರ್ಬೇಕು. ರಕ್ತ ತೆಗೀಬೇಕು. ಇಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಮೈಸೂರಿಗೆ ಕಳಿಸ್ತೀನಿ."

ನರ್ಸಮ್ಮ ಮಗುವಿನ ತೋಳಿಗೆ ರಬ್ಬರ್ ಕಟ್ಟಿ ನರ ಹುಡುಕಿದರು. ಕಟ್ಟಲು ತೋಳೇ ಇರಲಿಲ್ಲ. ಸೂಜಿ ಬಿಚ್ಚಿದರು. ಆ ಸೂಜಿ ನೋಡಿ ನನ್ನ ಬಾಯಿ ತಾನಾಗಿ ತೆರೆಯಿತು.

"ಚುಚ್ಬೇಡಿ. ಒಳ್ಗೇನೂ ತೊಂದ್ರೆ ಇಲ್ಲ. ಅವ್ಳು ಉಂಡೇ ಇಲ್ಲ ಡಾಕ್ಟ್ರೇ. ನಾನು ಉಣ್ಸಿಲ್ಲ."

ಎಲ್ಲವನ್ನೂ ಹೇಳಿದೆ. ಅಂಟು, ಬಾಟಲಿ, ನಾಯಿ, ತೊಳೆದಿಟ್ಟ ಬಟ್ಟಲು. ತಂಗಿ ನನ್ನ ಮುಖ ನೋಡಲಿಲ್ಲ, ಮಗುವಿನ ತೋಳಿನ ರಬ್ಬರ್ ಬಿಚ್ಚುತ್ತಿದ್ದಳು. ಡಾಕ್ಟರಮ್ಮ ನನ್ನ ಕೈ ಹಿಡಿದು ಮೂಸಿದರು.

"ಈ ಕೈಲಿ ಕೊಟ್ರೆ ನಾನೂ ಉಣ್ಣಲ್ಲ ಕಣಮ್ಮ. ಇದು ಬರೀ ಕಹಿ ಅಲ್ಲ, ವಿಷ. ದೊಡ್ಡೋರಿಗೇ ತಲೆ ಸುತ್ತಿ ವಾಂತಿ ಆಗುತ್ತಲ್ಲ, ನೋಡಿಲ್ವಾ? ಈ ಮಗು ಉಗೀತಲ್ಲ, ಜಾಣೆ ಅದು."

ಬಿಸ್ಕತ್ತು, ಬಾಟಲಿ ಎರಡೂ ಬಂದ್ ಅಂದರು. ಮಗುವನ್ನು ಸೊಪ್ಪಿನ ಹತ್ತಿರ ಮಲಗಿಸಲೇ ಬಾರದು. ಎದೆಹಾಲು ಬಿಡಿಸಬೇಡಿ, ಹಾಲಿಗೆ ಏನೂ ಆಗಿಲ್ಲ. ಅದರ ಜೊತೆಗೆ ದಿನಕ್ಕೆ ಐದು ಸಲ, ಒಂದೊಂದು ಸಲ ಸ್ವಲ್ಪಸ್ವಲ್ಪ, ಗಟ್ಟಿ ಊಟ. ಚಮಚ ಓರೆ ಮಾಡಿದರೆ ಸುರಿಯಬಾರದು, ಅಷ್ಟು ಗಟ್ಟಿ. ಮೊಟ್ಟೆಯ ಹಳದಿ, ತುಪ್ಪ ಬಿಟ್ಟ ಬೇಳೆಯನ್ನ, ಕುಂಬಳಕಾಯಿ, ನುಗ್ಗೆಸೊಪ್ಪು, ಹಣ್ಣು. ಮಗುವಿಗೇ ಅಂತ ಬೇರೆ ಬಟ್ಟಲು. "ರಕ್ತ ಆಮೇಲೆ ನೋಡೋಣ. ಎರಡು ವಾರ ಟೈಮ್ ಕೊಡ್ತೀನಿ. ತೂಕ ಏರ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡ್ಕೋತೀನಿ."

ಬಸ್ಸಿನಲ್ಲಿ ತಂಗಿ ಕಿಟಕಿ ಕಡೆ ಕೂತಳು. ಮನೆಯಲ್ಲಿ ಎರಡು ದಿನ ರಜೆ ಹಾಕಿ ತಾನೇ ಉಣ್ಣಿಸಿದಳು. ನಾನು ಒಲೆಯ ಹತ್ತಿರ ಹೋದರೆ ಅವಳು ಎದ್ದು ಹೋಗುವಳು. ಬಾಯ್ತುಂಬ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ಮಗುವನ್ನು ನನ್ನ ಮುಂದೆ ಕೂರಿಸಿದಳು.

"ಕೆಲ್ಸಕ್ಕೋಯ್ತೀನಿ. ನೀನೇ ಉಣ್ಸು."

ನಾನು ನನ್ನ ಕೈ ನೋಡಿಕೊಂಡೆ.

"ನನ್ನೂ ನೀನೇ ತಾನೇ ಉಣ್ಸಿದ್ದು. ಆಗ ಈ ಕೈ ಚೆನ್ನಾಗೇ ಇತ್ತು. ತೊಳ್ಕೊ. ಸಂಜೆ ಬಂದು ಬಟ್ಲು ನೋಡಲ್ಲ, ಮಗೀನೇ ನೋಡ್ತೀನಿ."

ಅವತ್ತು ನಾನು ಸಾಲಿನ ಮುಂದೆ ನಿಂತು ಹೇಳಿದೆ. ಇವತ್ತು ನಾನು ಸೊಪ್ಪು ಮುಟ್ಟಲ್ಲ, ಮಗೀಗೆ ಉಣ್ಣಿಸಬೇಕು ಅಂತ. ನಾನು ಮಾಡಿದ್ದನ್ನೂ ಹೇಳಿದೆ. ಅಜ್ಜಿ ದಾರ ಎಳೆಯುತ್ತಲೇ ಬಾಯಿ ಬಿಟ್ಟಳು.

"ಉಣ್ಸೋದೂ ಒಂದ್ ಕೆಲ್ಸವಾ? ಅದುನ್ನೂ ಮುಯ್ಯಿಗೆ ಹಿಡ್ಕೊಬೇಕಾ ನಾವು?"

"ಅಜ್ಜಿ, ನಿನ್ ಬೆರಳು ಒಂದ್ಸಲ ನೆಕ್ಕಿ ನೋಡು."

"ನಾನ್ಯಾಕ್ ನೆಕ್ಲಿ? ನಲವತ್ ವರ್ಷದಿಂದ ಕಟ್ತಾ ಇವ್ನಿ."

"ನೆಕ್ಕವ್ವೋ" ಅಂತ ಉಳಿದವರೂ ಸೇರಿಕೊಂಡರು. ಅಜ್ಜಿ ಹಟಕ್ಕೆ ಬಿದ್ದು ಹೆಬ್ಬೆರಳನ್ನು ಬಾಯಿಗಿಟ್ಟಳು. ಮರುಗಳಿಗೆಗೆ ಥೂ ಅಂತ ಉಗಿದು, ಸೆರಗಿನಲ್ಲಿ ನಾಲಿಗೆ ಒರೆಸಿಕೊಂಡು, ನೀರು ನೀರು ಅಂತ ಕೂಗಿದಳು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಜ್ಜಿ ಮಾತ್ರ ನಗಲಿಲ್ಲ. ಅಂಗಳದ ಮೂಲೆಯಲ್ಲಿ ಚಾಪೆ ಮೇಲೆ ಅವಳ ಮೊಮ್ಮಗ ಕೂತಿದ್ದ, ಒಂದು ವರ್ಷದವನು. ಕೈಯಲ್ಲಿ ಬಿಸ್ಕತ್ತು. ಅಜ್ಜಿ ಅವನನ್ನೇ ನೋಡಿದಳು.

"ಇವ್ನೂ ನನ್ ಕೈ ತಳ್ತಾನೆ ಕಣ್ರೇ. ಕೊಬ್ಬು ಅಂತ ಎರಡೇಟು ಹಾಕಿದ್ದೆ" ಅಂದಳು.

ಆಮೇಲೆ ಅವಳೇ ಮಾತು ಕಟ್ಟಿದಳು. ದಿನಕ್ಕೆ ಒಬ್ಬಳು ಸೊಪ್ಪು ಮುಟ್ಟಬಾರದು. ಅವಳು ಸಾಲಿನ ಎಲ್ಲ ಮಕ್ಕಳಿಗೂ ಉಣ್ಣಿಸಬೇಕು, ಮಕ್ಕಳನ್ನು ಬ್ಯಾರನ್ನಿನಿಂದ ದೂರ, ಮನೆಯೊಳಗೆ ನೋಡಿಕೊಳ್ಳಬೇಕು. ಅದೂ ಮುಯ್ಯಿಯೇ. ಕಡ್ಡಿ ಕಟ್ಟಿದಷ್ಟೇ ತೂಕ ಅದಕ್ಕೆ. ಹೀಗೆ ನಮ್ಮ ಸಾಲಿನಲ್ಲಿ ಉಣ್ಣಿಸುವ ಮುಯ್ಯಿ ಶುರುವಾಯಿತು. ಐದು ಕೈ ಮಾಡುವ ಕೆಲಸವನ್ನು ನಾಲ್ಕು ಕೈ ಮಾಡಬೇಕು. ಸಂಜೆ ಬ್ಯಾರನ್ ತುಂಬುವುದು ಸ್ವಲ್ಪ ತಡವಾಯಿತು. ಗಂಡಸರು ಗೊಣಗಿದರು. "ಅಂಗಾದ್ರೆ ನೀವೂ ಬಂದು ಕಟ್ರಿ" ಅಂದಳು ಅಜ್ಜಿ. ಅವತ್ತಿನಿಂದ ನನ್ನ ಗಂಡ ಊಟವಾದ ಮೇಲೆ ಒಂದು ಗಂಟೆ ಸಾಲಿನಲ್ಲಿ ಕೂರತೊಡಗಿದರು. ಅವರು ಕಟ್ಟಿದ ಕಡ್ಡಿಯಿಂದ ಎಲೆ ಉದುರುತ್ತಿತ್ತು. ಮತ್ತೆ ಬಿಚ್ಚಿ ಕಟ್ಟುತ್ತಿದ್ದೆವು.

ಆದರೆ ಕೂಸು ನನ್ನನ್ನು ಅಷ್ಟು ಸುಲಭಕ್ಕೆ ನಂಬಲಿಲ್ಲ. ಅವತ್ತು ಅಜ್ಜಿಯೇ ಕೈ ತೊಳೆದುಕೊಂಡು ಬಂದು ಕೊಟ್ಟರೆ ಉಂಡಿತು, ಆಮೇಲೆ ಎಲ್ಲರ ಕೈಯಿಂದಲೂ ಉಂಡಿತು. ನನ್ನ ಸರದಿ ಮತ್ತೆ ಬಂದ ದಿನವೂ ಬಾಯಿ ಬಿಗಿಹಿಡಿಯಿತು. ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ನನ್ನ ಅಂಗೈ ಚರ್ಮ ಉರಿಯುತ್ತಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿದ್ದೆ. ನಾನು ಬಲವಂತ ಮಾಡಲಿಲ್ಲ. ಅದರ ಮುಂದೆ ಕೂತು ಬಟ್ಟಲಿನಿಂದ ಒಂದು ಬೆರಳು ರಾಗಿಸರಿ ನಾನೇ ನೆಕ್ಕಿದೆ. ಆಹಾ ಅಂದೆ. ಇನ್ನೊಂದು ಬೆರಳು ನೆಕ್ಕಿದೆ. ಮಗು ನೋಡುತ್ತಿತ್ತು. ಮೂರನೇ ಸಲ ಬೆರಳನ್ನು ನಮ್ಮಿಬ್ಬರ ನಡುವೆ ಹಿಡಿದು ಕೂತೆ. ಅದು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದು, ಮೂಗಿನ ಹತ್ತಿರ ಎಳೆದುಕೊಂಡು, ಮೂಸಿ, ನನ್ನ ಮುಖ ನೋಡಿ, ಮತ್ತೆ ಮೂಸಿ, ಬಾಯಿಗಿಟ್ಟುಕೊಂಡಿತು. ಆಗ ತಾನೇ ಬಂದಿದ್ದ ಎರಡು ಹಲ್ಲು ನನ್ನ ಬೆರಳಿಗೆ ನಾಟಿದವು. ಅಷ್ಟು ಸುಖವಾದ ನೋವು ನನಗೆ ಗೊತ್ತಿಲ್ಲ. ಬಟ್ಟಲು ಖಾಲಿಯಾಯಿತು. ಈ ಸಲ ನಿಜವಾಗಿ.

ಎರಡು ವಾರಕ್ಕೆ ಆಸ್ಪತ್ರೆಯಲ್ಲಿ ತೂಕ ಹಾಕಿದಾಗ ಮುಳ್ಳು ಮೇಲಕ್ಕೆ ಹೋಗಿತ್ತು. ಸ್ವಲ್ಪವೇ, ಆದರೆ ಮೇಲಕ್ಕೆ. ಡಾಕ್ಟರಮ್ಮ ನನ್ನ ಕೈಯನ್ನು ಇನ್ನೊಂದು ಸಲ ಮೂಸಿ, "ಪಾಸ್" ಅಂದರು. ನಾನು ಆರನೇ ಕ್ಲಾಸ್ ಆದ ಮೇಲೆ ಪಾಸಾದದ್ದು ಅದೇ ಮೊದಲು. ದೀಪಾವಳಿಗೆ ಸೊಪ್ಪಿನ ಕೆಲಸ ಮುಗಿಯಿತು, ಉಣ್ಣಿಸುವುದು ಮುಗಿಯಲಿಲ್ಲ. ಮೊಟ್ಟೆ, ಕುಂಬಳಕಾಯಿ, ನುಗ್ಗೆಸೊಪ್ಪು ಹಾಕಿ ಮಿದ್ದಿದ ಬೇಳೆಯನ್ನ. ಸಂಕ್ರಾಂತಿಯ ಹೊತ್ತಿಗೆ ಕೂಸು ಹಳದಿಯ ಮೇಲಂಚಿನಲ್ಲಿ ಬಂದು ನಿಂತಿತ್ತು.

ಯುಗಾದಿ ಹಬ್ಬವಾದ ವಾರದ ತೂಕಕ್ಕೆ ನಾವೆಲ್ಲ ಹೋದೆವು. ನಮ್ಮ ಸಾಲಿನ ಐದೂ ಹೆಂಗಸರು, ಅಜ್ಜಿಯ ಮೊಮ್ಮಗ, ರಜೆ ಹಾಕಿದ ತಂಗಿ. ಹಬ್ಬಕ್ಕೆ ಬಂದಿದ್ದ ಅವಳ ಅತ್ತೆಯೂ ಇದ್ದರು. ಕೂಸನ್ನು ಚೀಲದಲ್ಲಿ ಕೂರಿಸಿದರೆ ಕಾಲು ಝಾಡಿಸಿ ಮಿಷಿನ್ನನ್ನೇ ಅಲ್ಲಾಡಿಸಿತು. ಮುಳ್ಳು ನಿಲ್ಲಲೊಲ್ಲದು. ಟೀಚರ್ ಅದರ ಕಾಲು ಹಿಡಿದು, ನೋಡಿ, ಕಾರ್ಡಿನಲ್ಲಿ ಚುಕ್ಕಿ ಇಟ್ಟರು.

"ಹಸಿರು" ಅಂದರು.

ಅಜ್ಜಿ ಚಪ್ಪಾಳೆ ತಟ್ಟಿದಳು. ಅಂಗನವಾಡಿ ಮಕ್ಕಳೆಲ್ಲ ಯಾಕೆಂದು ತಿಳಿಯದೆ ತಾವೂ ತಟ್ಟಿದವು. ಆ ಸದ್ದಿನ ನಡುವೆ ನಾನು ತಂಗಿಯ ಅತ್ತೆಯ ಮುಂದೆ ನಿಂತೆ.

"ಅತ್ತೆಮ್ಮ, ನನ್ ತಂಗಿ ಹಾಲು ಕೆಟ್ಟಿರ್ಲಿಲ್ಲ. ಕೆಟ್ಟಿದ್ದು ನನ್ ಕೈ. ನೀವು ಅವ್ಳನ್ನ ಅಂದಾಗ ನಾನು ಅಲ್ಲೇ ನಿಂತಿದ್ದೆ, ಬಾಯ್ ಬುಡ್ಲಿಲ್ಲ."

ಎಲ್ಲರ ಎದುರಿಗೇ ಪೂರ್ತಿ ಹೇಳಿದೆ. ಅವರು ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೊಸೆಯ ಬೆನ್ನ ಮೇಲೆ ಕೈ ಇಟ್ಟರು. ಒಂದು ಮಾತು ಬರುತ್ತದೆ ಅಂತ ಕಾದೆ. ಬಂದದ್ದು ಬೇರೆ.

"ಮೊದ್ಲು ಆ ಮಗೀನ ಇಳ್ಸಿ. ನೇತ್ಹಾಕ್ಬುಟ್ಟು ಮಾತಾಡ್ತಾ ನಿಂತವ್ರೆ. ಅಸ್ಕೊಂಡೈತೆ ಅದು."

ಹಿಂತಿರುಗುವಾಗ ತಂಗಿ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಮುಂದೆ ನಡೆಯುತ್ತಿದ್ದಳು. ಆಸ್ಪತ್ರೆಯ ದಿನದಿಂದ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅಕ್ಕಯ್ಯ ಅಂದಿರಲಿಲ್ಲ. ಹೊಂಗೆಮರದ ಹತ್ತಿರ ಬಂದಾಗ ನಿಂತಳು. ಹಣೆ ಬೆವೆತಿತ್ತು. ನಾನು ಹತ್ತಿರ ಬರುವವರೆಗೆ ಕಾದು, ಕೂಸನ್ನು ನನ್ನ ಕಡೆಗೆ ಚಾಚಿದಳು.

"ಇಡ್ಕೊ ಅಕ್ಕಯ್ಯ. ಏನ್ ಭಾರ ಆಗವ್ಳೆ ಇವ್ಳು, ನನ್ ಕೈಲಾಗಲ್ಲ."

ಅಲ್ಲಿಂದ ನಮ್ಮ ಮನೆ ದೂರವೇ ಇದೆ, ಏರು ದಾರಿ. ಎರಡೂ ತೋಳು ಸೋತಿದ್ದವು. ಕೊಡು ನಾನು ಎತ್ತಿಕೊಳ್ಳುತ್ತೇನೆ ಅಂತ ಅಜ್ಜಿ ಎರಡು ಸಲ ಕೇಳಿದಳು. ನಾನು ಕೊಡಲಿಲ್ಲ. ಮನೆಯ ಜಗುಲಿಯವರೆಗೂ ಅವಳನ್ನು ಕೆಳಗಿಳಿಸಲಿಲ್ಲ.